ಹುಲ್ಲು, ಪಾಚಿ, ಬಳ್ಳಿ

1927ರ ಭಾರತೀಯ ಅರಣ್ಯ ಕಾಯಿದೆಯ ಎರಡನೆಯ ಸೆಕ್ಷನ್ ಓದಲು ಒಂದು ಪುಟ್ಟ ನಿಘಂಟಿನ ಹಾಗಿದೆ. ಅಲ್ಲಿ 'ದನ' ಎಂಬ ಪದದೊಳಗೆ ಆನೆ, ಒಂಟೆ, ಕುದುರೆ, ಹಂದಿಗಳೂ ಸೇರುತ್ತವೆ. 'ನದಿ' ಎಂದರೆ ಹಳ್ಳವೂ ಹೌದು, ಕಾಲುವೆಯೂ ಹೌದು. 'ಮರ' ಎಂಬ ಪದಕ್ಕೂ ಇಂಥದೇ ಹಿಗ್ಗಿಸಿದ ಅರ್ಥವಿದೆ: ತಾಳೆಯ ಜಾತಿ, ಬಿದಿರು, ಕಡಿದ ಬೊಡ್ಡೆ, ಕುರುಚಲು ಪೊದೆ, ಕೊನೆಗೆ ಬೆತ್ತ, ಇವೆಲ್ಲ ಮರ. ಬಿದಿರು ಸಸ್ಯಶಾಸ್ತ್ರದ ಪ್ರಕಾರ ಹುಲ್ಲು ಎಂಬುದು ಶಾಲೆಯ ಮಕ್ಕಳಿಗೂ ಗೊತ್ತಿದ್ದ ವಿಷಯ. ಆದರೂ ಅದನ್ನು ಮರದ ಪಟ್ಟಿಯಿಂದ ಬಿಡಿಸಲು 2017ರ ತಿದ್ದುಪಡಿಯೇ ಬೇಕಾಯಿತು. ಬೆತ್ತ ಇನ್ನೂ ಅಲ್ಲೇ ಉಳಿದಿದೆ.

ಇದೇ ಸೆಕ್ಷನ್ನಿನಲ್ಲಿ ಅರಣ್ಯೋತ್ಪನ್ನ ಎಂದರೇನು ಎಂಬ ವಿವರಣೆಯೂ ಇದೆ. ಅದರಲ್ಲಿ 'ಮರವಲ್ಲದ ಸಸ್ಯ'ಗಳಿಗೆ ಒಂದು ಉಪಪಟ್ಟಿ: ಹುಲ್ಲು, ಬಳ್ಳಿ, ಜೊಂಡು, ಪಾಚಿ. ಮನುಷ್ಯನ ಸೊಂಟದಷ್ಟು ದಪ್ಪವಾಗಿ ಬೆಳೆದು, ಹತ್ತಾರು ಮರಗಳ ನೆತ್ತಿಯ ಮೇಲೆ ಹಾದು, ಒಬ್ಬ ಮನುಷ್ಯನ ಆಯುಸ್ಸಿಗಿಂತ ಹೆಚ್ಚು ಕಾಲ ಬದುಕಿರಬಹುದಾದ ಗಣಪೆ ಬಳ್ಳಿಗೆ ಕಾನೂನು ಕೊಟ್ಟ ಜಾಗ ಇದು, ಹುಲ್ಲು ಮತ್ತು ಪಾಚಿಯ ಮಧ್ಯೆ.

ಬೆತ್ತ ಮರವಾಗಿ, ಗಣಪೆ ಬಳ್ಳಿ ಹುಲ್ಲಿನ ಸಾಲಿಗೆ ಬಿದ್ದದ್ದು ಯಾಕೆ? ಎರಡೂ ಹಬ್ಬುವ ಗಿಡಗಳೇ. ವ್ಯತ್ಯಾಸವಿರುವುದು ಸಸ್ಯಶಾಸ್ತ್ರದಲ್ಲಲ್ಲ, ಸಂತೆಯಲ್ಲಿ. ಬೆತ್ತಕ್ಕೆ ಬೆಲೆಯಿತ್ತು, ಆದ್ದರಿಂದ ಅದು ಮರವಾಯಿತು. ಪಶ್ಚಿಮ ಘಟ್ಟದ ಕಾಡಿನ ಇನ್ನೂರು ವರ್ಷಗಳ ಚರಿತ್ರೆಯನ್ನು ಈ ಒಂದು ವಿಂಗಡಣೆಯ ಮೂಲಕವೇ ಓದಬಹುದು. ಹಾಗೆ ಓದಲು ಹೊರಟರೆ ದಾರಿ ಮತ್ತೆ ಮತ್ತೆ ಪುಣೆಯ ಮೂಲಕ ಹಾದುಹೋಗುತ್ತದೆ.

ಮೊದಲು ಈ ಕಾಡಿನ ಪರಿಚಯ ಆಗಬೇಕು. ಕನ್ನಡಿಗರಿಗೆ ಬೆತ್ತ ಎಂದರೆ ನೆನಪಾಗುವುದು ಮೇಷ್ಟರ ಕೈ. ಅದು ತೆಂಗು, ಅಡಿಕೆಗಳ ಕುಲಕ್ಕೆ ಸೇರಿದ್ದು ಎಂದರೆ ಹಲವರು ನಂಬುವುದಿಲ್ಲ. ತಾಳೆಯ ಕುಲದಲ್ಲಿ ಅತಿ ಹೆಚ್ಚು ಪ್ರಭೇದಗಳಿರುವುದು ಬೆತ್ತದ ಜಾತಿಯಲ್ಲೇ. ಅದು ಬಳ್ಳಿಯಂತೆ ಸುತ್ತಿಕೊಂಡು ಏರುವುದಿಲ್ಲ. ಕೊಕ್ಕೆಯಂಥ ಮುಳ್ಳುಗಳಿರುವ ಉದ್ದನೆಯ ಚಾಟಿಗಳನ್ನು ಚಾಚಿ, ಪಕ್ಕದ ಮರಕ್ಕೆ ಸಿಕ್ಕಿಸಿ, ಮೇಲೇರುತ್ತದೆ. ಆಗ್ನೇಯ ಏಷ್ಯಾದ ಕೆಲವು ಬೆತ್ತಗಳು ನೂರು ಮೀಟರ್ ಉದ್ದ ದಾಟುತ್ತವೆ. ತಾಳೆಯ ಎಲ್ಲ ಬಂಧುಗಳಂತೆ ಇದರ ಬೆಳವಣಿಗೆಯೂ ತುದಿಯ ಒಂದೇ ಮೊಗ್ಗಿನಿಂದ. ಒಂಟಿ ಕಾಂಡದ ಬೆತ್ತವನ್ನು ಒಮ್ಮೆ ಕಡಿದರೆ ಅದರ ಕತೆ ಮುಗಿಯಿತು. ಬುಡದಲ್ಲಿ ಹಿಂಡು ಹಿಂಡಾಗಿ ಮೊಳೆಯುವ ಜಾತಿಗಳು ಮಾತ್ರ ಮತ್ತೆ ಚಿಗುರುತ್ತವೆ.

ಬಳ್ಳಿಗಳ ಜೀವನಕ್ರಮ ಬೇರೆ. ಮರವು ತನ್ನ ದುಡಿಮೆಯ ದೊಡ್ಡ ಪಾಲನ್ನು ನೆಟ್ಟಗೆ ನಿಲ್ಲುವುದಕ್ಕೆ ಖರ್ಚು ಮಾಡುತ್ತದೆ. ಬಳ್ಳಿ ಆ ಖರ್ಚನ್ನು ಮರದ ಮೇಲೆ ಹಾಕಿ, ಉಳಿಸಿದ್ದನ್ನು ಉದ್ದಕ್ಕೂ ಎಲೆಗೂ ಹಾಕುತ್ತದೆ. ಅದರ ಕಾಂಡದೊಳಗಿನ ನೀರಿನ ನಾಳಗಳು ಅಗಲವಾದವು. ಅಷ್ಟು ಸಣ್ಣ ಕಾಂಡ ಅಷ್ಟು ಎಲೆಗಳಿಗೆ ನೀರು ಒದಗಿಸುವುದು ಹೀಗೆ. ಗಣಪೆ ಬಳ್ಳಿಯ ಕಾಯಿ ಒಂದು ಮೀಟರ್ ಮೀರಿ ಉದ್ದವಿರುತ್ತದೆ, ಗಂಟು ಗಂಟಾಗಿ ಜೋತುಬೀಳುತ್ತದೆ. ಒಳಗಿನ ಕಂದು ಬಣ್ಣದ ಚಪ್ಪಟೆ ಬೀಜಗಳು ಮಲೆನಾಡಿನ ಮಕ್ಕಳ ಆಟದ ಸಾಮಾನು. ಮರಾಠಿಯಲ್ಲಿ ಇದನ್ನು ಗಾರಂಬಿ ಎನ್ನುತ್ತಾರೆ. ಸಸ್ಯಶಾಸ್ತ್ರದಲ್ಲಿ ಇದರ ಹೆಸರು ಎಂಟಾಡ ರೀಡಿಯೈ. ಮೊದಲ ಪದ 'ಹೊರ್ತುಸ್ ಮಲಬಾರಿಕುಸ್' ಗ್ರಂಥದ ಮೂಲಕ ಮಲಯಾಳದಿಂದ ಬಂದದ್ದು. ಎರಡನೆಯದು 1678ರಿಂದ 1693ರವರೆಗೆ ಆಮ್‌ಸ್ಟರ್‌ಡ್ಯಾಮಿನಲ್ಲಿ ಆ ಗ್ರಂಥದ ಹನ್ನೆರಡು ಸಂಪುಟಗಳನ್ನು ಹೊರತಂದ ಡಚ್ ಅಧಿಕಾರಿ ವಾನ್ ರೀಡನ ಹೆಸರು.

ಈ ಕಾಡಿನ ಮೂರನೆಯ ಪಾತ್ರಧಾರಿ ಬೈನೆ ಮರ. ಮೀನಿನ ಬಾಲದಂಥ ಎಲೆಗಳ ಈ ತಾಳೆ ಬೆಳೆದು ಮುಗಿಸಿದ ಮೇಲೆ ಹೂಬಿಡುತ್ತದೆ. ಮೊದಲ ಗೊಂಚಲು ನೆತ್ತಿಯಲ್ಲಿ, ಆಮೇಲಿನವು ಒಂದೊಂದಾಗಿ ಕೆಳಕ್ಕೆ ಇಳಿಯುತ್ತವೆ. ಕೊನೆಯ ಗೊಂಚಲು ಹಣ್ಣಾದ ಮೇಲೆ ಮರ ಸಾಯುತ್ತದೆ.

ಪುಣೆ ನಗರಕ್ಕೆ ವರ್ಷಕ್ಕೆ ಬೀಳುವ ಮಳೆ ಸುಮಾರು 700 ಮಿಲಿಮೀಟರ್. ಅಲ್ಲಿಂದ ಪಶ್ಚಿಮಕ್ಕೆ ಒಂದೆರಡು ಗಂಟೆ ಪಯಣಿಸಿ ತಾಮ್ಹಿಣಿ ಘಾಟಿ ಸೇರಿದರೆ ಮಳೆ ಅದರ ಹಲವು ಪಟ್ಟು. ಆದರೆ ಘಟ್ಟದ ಈ ಉತ್ತರ ಭಾಗದಲ್ಲಿ ಮಳೆಯೆಲ್ಲ ನಾಲ್ಕೈದು ತಿಂಗಳಲ್ಲೇ ಸುರಿದು ಮುಗಿಯುತ್ತದೆ, ಉಳಿದ ತಿಂಗಳು ಒಣ. ದಕ್ಷಿಣಕ್ಕೆ, ಉತ್ತರ ಕನ್ನಡ, ಕೊಡಗುಗಳತ್ತ ಹೋದಂತೆ ಒಣ ತಿಂಗಳುಗಳು ಕಡಿಮೆಯಾಗಿ ಬೆತ್ತ, ತಾಳೆ, ಬಳ್ಳಿಗಳ ದಟ್ಟಣೆ ಹೆಚ್ಚುತ್ತದೆ. ಪುಣೆಯ ಸುತ್ತಲ ನಿತ್ಯಹಸಿರು ಕಾಡು ಅದೇ ಕಾಡಿನ ಬಡಗಣ ಅಂಚು. ಖಂಡಾಳಾದ ಕಣಿವೆಗಳಲ್ಲಿ ನೀಟಂ ಎಂಬ ಬಳ್ಳಿಯಿದೆ. ಪೈನ್, ಸೈಕಸ್‌ಗಳಂತೆ ಹಣ್ಣಿನ ಹೊದಿಕೆಯಿಲ್ಲದ ಬೀಜ ಬಿಡುವ ಬಳಗಕ್ಕೆ ಅದು ಸೇರಿದ್ದು. ಎಲೆ ನೋಡಿದರೆ ಮಾತ್ರ ಅದು ಹೂಬಿಡುವ ಗಿಡದ ಹಾಗೇ. ಭೀಮಾಶಂಕರದ ಕಾಡಿನಲ್ಲಿ ಮರಾಠಿಗರು ಶೇಕರು ಎನ್ನುವ ಕೆಂದಳಿಲು ಕೊಂಬೆಯಿಂದ ಕೊಂಬೆಗೆ ನೆಲ ಮುಟ್ಟದೆ ಓಡಾಡುತ್ತದೆ. ಮರಗಳ ನೆತ್ತಿಗಳನ್ನು ಒಂದಕ್ಕೊಂದು ಹೆಣೆಯುವ ಬಳ್ಳಿಗಳೇ ಅದಕ್ಕೆ ಸೇತುವೆ. 1985ರಲ್ಲಿ ಭೀಮಾಶಂಕರ ವನ್ಯಧಾಮ ಆದದ್ದು ಮುಖ್ಯವಾಗಿ ಈ ಅಳಿಲಿಗಾಗಿ. ಅಂಚಿನ ಕಾಡು ಬಲು ನಾಜೂಕು. ಒಮ್ಮೆ ಕಡಿದರೆ ದೀರ್ಘ ಬೇಸಿಗೆ ಅದನ್ನು ಮತ್ತೆ ಏಳಲು ಬಿಡುವುದಿಲ್ಲ.

ಈ ಅಂಚಿನಲ್ಲೇ ಬಾಂಬೆ ಪ್ರಾಂತ್ಯದ ಅರಣ್ಯಾಡಳಿತ ಶುರುವಾಯಿತು. ಪುಣೆಗೆ ಅಂಟಿಕೊಂಡಿರುವ ದಾಪೋಡಿಯಲ್ಲಿ, ಆಗಿನ ಇಂಗ್ಲಿಷರ ಬಾಯಲ್ಲಿ ದಾಪೂರಿ, ಸರ್ಕಾರದ ಸಸ್ಯೋದ್ಯಾನವಿತ್ತು. 1838ರಿಂದ ಅದರ ಮೇಲ್ವಿಚಾರಕನಾಗಿದ್ದವನು ಅಲೆಕ್ಸಾಂಡರ್ ಗಿಬ್ಸನ್ ಎಂಬ ಸ್ಕಾಟ್ಲೆಂಡಿನ ವೈದ್ಯ. ಸೈನ್ಯದ ಆಸ್ಪತ್ರೆಗಳಿಗೆ ಮದ್ದಿನ ಗಿಡ ಬೆಳೆಸುವುದು ಉದ್ಯಾನದ ಒಂದು ಕೆಲಸ. 1847ರಲ್ಲಿ ಇದೇ ಗಿಬ್ಸನ್ ಪ್ರಾಂತ್ಯದ ಮೊದಲ ಅರಣ್ಯ ಸಂರಕ್ಷಣಾಧಿಕಾರಿಯಾದ. ಕಾಡು ಕಡಿದರೆ ಹಳ್ಳ ಬತ್ತುತ್ತದೆ ಎಂದು ಸರ್ಕಾರಕ್ಕೆ ಬರೆದು ಎಚ್ಚರಿಸಿದವರಲ್ಲಿ ಅವನೂ ಒಬ್ಬ. ಆದರೆ ಅವನ ಇಲಾಖೆಗೆ ಬೇಕಿದ್ದದ್ದು ಹಡಗಿಗೆ ತೇಗ, ಮುಂದೆ ರೈಲು ಹಳಿಗೆ ದಿಮ್ಮಿ. ಕಾಡಿನ ಜನ ಕುಮರಿ ಬೇಸಾಯಕ್ಕೆ ಕಡಿಯುವುದು ನಾಶ, ಇಲಾಖೆ ಕಡಿಯುವುದು ವ್ಯವಸ್ಥೆ ಎಂಬ ವಿಭಜನೆ ಆಗಲೇ ರೂಪುಗೊಂಡಿತು.

1862ರಲ್ಲಿ ಉತ್ತರ ಕನ್ನಡ ಜಿಲ್ಲೆಯನ್ನು ಮದ್ರಾಸಿನಿಂದ ಬಿಡಿಸಿ ಬಾಂಬೆ ಪ್ರಾಂತ್ಯಕ್ಕೆ ಸೇರಿಸಿದರು. ಧಾರವಾಡ, ಬೆಳಗಾವಿ, ವಿಜಾಪುರಗಳು ಮೊದಲೇ ಅಲ್ಲಿದ್ದವು. ಹೀಗಾಗಿ ಕನ್ನಡ ನಾಡಿನ ಅತ್ಯಂತ ದಟ್ಟ ಕಾಡುಗಳಲ್ಲಿ ಒಂದರ ಸಸ್ಯಚರಿತ್ರೆ ಬರೆದವರು ಪುಣೆಯೊಂದಿಗೆ ನಂಟಿದ್ದವರು. 1901ರಿಂದ 1908ರವರೆಗೆ ಬಾಂಬೆ ಪ್ರಾಂತ್ಯದ ಸಸ್ಯಸಂಪತ್ತಿನ ಸಂಪುಟಗಳನ್ನು ಪ್ರಕಟಿಸಿದ ಥಿಯೋಡೋರ್ ಕುಕ್ ಪುಣೆಯ ಇಂಜಿನಿಯರಿಂಗ್ ಕಾಲೇಜಿನ ಪ್ರಾಂಶುಪಾಲನಾಗಿದ್ದವನು. ಕಾರವಾರ, ಶಿರಸಿಗಳ ಕಾಡುಗಳಲ್ಲಿ ಅರಣ್ಯಾಧಿಕಾರಿಯಾಗಿ ತಿರುಗಿದ ಟಾಲ್ಬಟ್ ಬರೆದ ಅರಣ್ಯಸಸ್ಯಗಳ ಎರಡು ದೊಡ್ಡ ಸಂಪುಟಗಳು 1909 ಮತ್ತು 1911ರಲ್ಲಿ ಪುಣೆಯ ಸರ್ಕಾರಿ ಮುದ್ರಣಾಲಯದಲ್ಲಿ ಅಚ್ಚಾದವು.

ಅದಕ್ಕೂ ಮೊದಲು ಟಾಲ್ಬಟ್ ಒಂದು ಪಟ್ಟಿ ತಯಾರಿಸಿದ್ದ. ಅದರ ಶೀರ್ಷಿಕೆಯಲ್ಲಿ ಮರ ಮತ್ತು ಪೊದೆಗಳ ಜೊತೆಗೆ 'ಕಟ್ಟಿಗೆಯ ಬಳ್ಳಿ'ಗಳಿಗೂ ಜಾಗ ಕೊಟ್ಟಿದ್ದ. ಕಾಡು ಸುತ್ತಿದ ಮನುಷ್ಯನಿಗೆ ಅವನ್ನು ಬಿಟ್ಟು ಕಾಡನ್ನು ವಿವರಿಸಲು ಸಾಧ್ಯವಿಲ್ಲವೆಂದು ಗೊತ್ತಿತ್ತು. ಆದರೆ ಅವನು ದುಡಿದ ಇಲಾಖೆಯ ಕಾರ್ಯಯೋಜನೆಗಳಲ್ಲಿ ಬಳ್ಳಿಗೆ ಸಂಬಂಧಿಸಿದ ಸೂಚನೆ ಸಾಮಾನ್ಯವಾಗಿ ಒಂದೇ: ಬಳ್ಳಿ ಕಡಿತ. ದಿಮ್ಮಿ ಕಡಿಯುವ ಮೊದಲು, ಕಡಿದ ಮೇಲೆ, ಎಳೆ ಮರಗಳು ಏಳುವಾಗ ಬಳ್ಳಿಗಳನ್ನು ಬುಡದಲ್ಲಿ ಕತ್ತರಿಸಿ ಹಾಕಬೇಕು. ಇದರಲ್ಲಿ ತರ್ಕವಿರಲಿಲ್ಲ ಎನ್ನುವಂತಿಲ್ಲ. ಬಳ್ಳಿ ಮರದ ಬೆಳಕು ಕಸಿಯುತ್ತದೆ, ಎಳೆಯ ಕಾಂಡವನ್ನು ತಿರುಚುತ್ತದೆ, ಒಂದು ಮರ ಉರುಳಿದರೆ ನಾಲ್ಕನ್ನು ಎಳೆದುಕೊಂಡು ಬೀಳಿಸುತ್ತದೆ. ನೆಟ್ಟಗಿನ ದಿಮ್ಮಿಯೇ ಕಾಡಿನ ಅರ್ಥ ಎಂದು ಒಪ್ಪಿಕೊಂಡವರಿಗೆ ಬಳ್ಳಿ ಕಳೆಯೇ. ಪ್ರಶ್ನೆ ಇರುವುದು ಆ ಒಪ್ಪಿಗೆಯ ಬಗ್ಗೆ.

ಆ ಒಪ್ಪಿಗೆ ಇಲ್ಲದ ಕಾಡುಗಳೂ ಇದ್ದವು. 1801ರಲ್ಲಿ ಕಾರವಾರದ ಕಡೆ ಬಂದ ಫ್ರಾನ್ಸಿಸ್ ಬುಕಾನನ್ ಅಲ್ಲಿನ ಕಾಡುಗಳು ಊರ ದೇವರ ಸೊತ್ತು ಎಂದು ಬರೆದ. ದೇವರ ಪೂಜಾರಿಯೂ ಆದ ಊರಗೌಡನ ಅಪ್ಪಣೆಯಿಲ್ಲದೆ ಮರ ಕಡಿಯುವಂತಿಲ್ಲ. ಅಪ್ಪಣೆಗೆ ಕಾಣಿಕೆಯೇನೂ ಇಲ್ಲ, ಕೇಳದೆ ಕಡಿದರೆ ಮಾತ್ರ ದೇವರ ಸಿಟ್ಟು. ಇದೆಲ್ಲ ಸರ್ಕಾರಕ್ಕೆ ಕಾಡಿನ ಒಡೆತನ ಸಿಗದಂತೆ ಮಾಡುವ ಹೂಟ ಎಂದು ಅವನಿಗೆ ತೋರಿತು. ಅವನ ಅನುಮಾನದಲ್ಲಿ ಅರ್ಧ ಸತ್ಯವಿತ್ತು. ಕಾಡಿಗೆ ಒಬ್ಬ ಒಡೆಯ ಇದ್ದಾನೆ ಎನ್ನುವುದೇ ಆ ನಂಬಿಕೆಯ ತಿರುಳು. ಒಡೆಯ ಕಂಪನಿಯಲ್ಲ ಅಷ್ಟೆ.

ಘಟ್ಟದ ಮೇಲೆ ಸೊರಬ, ಸಿದ್ದಾಪುರಗಳಲ್ಲಿ ಇಂಥ ಕಾಡಿಗೆ ಕಾನು ಎಂದು ಹೆಸರು. 1868ರಲ್ಲಿ ಬ್ರಾಂಡಿಸ್ ಮತ್ತು ಗ್ರಾಂಟ್ ಎಂಬ ಅಧಿಕಾರಿಗಳು ಸೊರಬದ ಕಾನುಗಳ ಬಗ್ಗೆ ಮೈಸೂರು ಆಡಳಿತಕ್ಕೆ ವರದಿ ಕೊಟ್ಟರು. ಊರವರು ಕಾನಿನಿಂದ ಏನು ಪಡೆಯುತ್ತಿದ್ದರು? ಮುಖ್ಯವಾಗಿ ಎರಡು: ಮೆಣಸಿನ ಬಳ್ಳಿಯಿಂದ ಕಾಳುಮೆಣಸು, ಬೈನೆ ಮರದಿಂದ ಕಳ್ಳು. ಹಳೆಪೈಕರು ಬೈನೆ ಏರಿ ಕಳ್ಳು ಇಳಿಸುತ್ತಿದ್ದರು. ಮೆಣಸಿಗೆ ಹಬ್ಬಲು ಮರ ಬೇಕು, ನೆರಳು ಬೇಕು, ಕಾಲಿಗೆ ತೇವ ಬೇಕು. ಕಾನು ಕಡಿದರೆ ಮೂರೂ ಇಲ್ಲ. ಒಂದು ತಾಳೆ, ಒಂದು ಬಳ್ಳಿ: ಕಾಡಿನ ಬೆಲೆ ಇವೆರಡರ ಮೇಲೆ ನಿಂತಿದ್ದಾಗ ಮರಗಳು ತಾವಾಗಿ ಉಳಿಯುತ್ತಿದ್ದವು. ದಿಮ್ಮಿಯ ಲೆಕ್ಕ ಬಂದ ಮೇಲೆ ತಲೆಕೆಳಗಾದದ್ದು ಈ ಕ್ರಮ.

ಬ್ರಾಂಡಿಸ್ ಸಾಮಾನ್ಯ ಅಧಿಕಾರಿಯಲ್ಲ. 1864ರಲ್ಲಿ ಇಡೀ ಬ್ರಿಟಿಷ್ ಭಾರತದ ಅರಣ್ಯ ಇಲಾಖೆಯ ಮೊದಲ ಮಹಾನಿರೀಕ್ಷಕನಾದವನು. ದೇವರ ಕಾಡುಗಳನ್ನು ದೇಶದ ಹೆಚ್ಚುಕಡಿಮೆ ಎಲ್ಲ ಪ್ರಾಂತ್ಯಗಳಲ್ಲೂ ಕಂಡಿದ್ದಾಗಿ ಮುಂದೆ ಬರೆದ. ಉದಾಹರಣೆಗಳಲ್ಲಿ ಕೊಡಗಿನ ದೇವರಕಾಡನ್ನು ಹೆಸರಿಸಿದ. ಅವುಗಳ ಬಗ್ಗೆ ಬರವಣಿಗೆ ತೀರಾ ಕಡಿಮೆ ಎಂದೂ ಸೇರಿಸಿದ. ಆ ಕೊರತೆ ತುಂಬಲು ಮುಕ್ಕಾಲು ಶತಮಾನ ಬೇಕಾಯಿತು. ತುಂಬುವ ಕೆಲಸ ಶುರುವಾದದ್ದು ಮತ್ತೆ ಪುಣೆಯಲ್ಲಿ.

ಗಣಿತಜ್ಞ, ಇತಿಹಾಸಕಾರ ಡಿ. ಡಿ. ಕೋಸಂಬಿ ಪುಣೆಯ ನಿವಾಸಿ. ಸುತ್ತಲ ಹಳ್ಳಿಗಳನ್ನು ಕಾಲ್ನಡಿಗೆಯಲ್ಲಿ ಸುತ್ತಿ, ದಾರಿಗಳು ಕೂಡುವಲ್ಲಿ, ಬೆಟ್ಟದ ಓರೆಯಲ್ಲಿ ಇರುವ ಮಾತೃದೇವತೆಗಳ ನೆಲೆಗಳನ್ನು ಗುರುತಿಸಿ, 1962ರ 'ಮಿತ್ ಅಂಡ್ ರಿಯಾಲಿಟಿ'ಯಲ್ಲಿ ಅವುಗಳ ಬಗ್ಗೆ ಬರೆದರು. ಈ ದೇವತೆಗಳ ವನಗಳು ಬೇಸಾಯಕ್ಕೂ ಹಿಂದಿನ, ಬೇಟೆ ಮತ್ತು ಸಂಗ್ರಹಣೆಯ ಕಾಲದ ಪಳೆಯುಳಿಕೆಗಳಿರಬೇಕು ಎಂಬುದು ಅವರ ಊಹೆ. ಕೋಸಂಬಿ ನೋಡಿದ್ದು ಕಲ್ಲನ್ನು, ದಾರಿಯನ್ನು, ದೇವರನ್ನು. ಆ ದೇವರ ತಲೆಯ ಮೇಲಿದ್ದ ಕಾಡನ್ನು ನೋಡಿದವರು ಇನ್ನಿಬ್ಬರು.

ಸಸ್ಯವಿಜ್ಞಾನಿ ಶಂಕರ ಪುರುಷೋತ್ತಮ ಅಘಾರಕರ್ ಕಟ್ಟಿ ಬೆಳೆಸಿದ ಮಹಾರಾಷ್ಟ್ರ ವಿಜ್ಞಾನ ವರ್ಧಿನಿ ಎಂಬ ಸಂಸ್ಥೆ 1946ರಲ್ಲಿ ಪುಣೆಯಲ್ಲಿ ಸ್ಥಾಪನೆಯಾಗಿತ್ತು. ಇಂದು ಅದರ ಸಂಶೋಧನಾಲಯಕ್ಕೆ ಅಘಾರಕರ್ ಅವರದೇ ಹೆಸರಿದೆ. ಅಲ್ಲಿನ ಸಸ್ಯವಿಜ್ಞಾನಿ ವಿ. ಡಿ. ವರ್ತಕ್ ಘಟ್ಟದ ಗಿಡಗಳನ್ನು ಮಾತ್ರವಲ್ಲ, ಅವುಗಳ ಮರಾಠಿ ಹೆಸರು, ಉಪಯೋಗ, ಕತೆಗಳನ್ನೂ ಬಲ್ಲವರು. 1971ರಲ್ಲಿ ಹಾರ್ವರ್ಡಿನಿಂದ ಪುಣೆಗೆ ಮರಳಿದ ಮಾಧವ ಗಾಡ್ಗೀಳ್ ಅದೇ ಸಂಸ್ಥೆ ಸೇರಿದರು. ಇಬ್ಬರೂ ಪುಣೆಯ ಪಶ್ಚಿಮದ ಕಣಿವೆಗಳಲ್ಲಿ, ಕೊಂಕಣದಲ್ಲಿ ಊರೂರು ಸುತ್ತಿ ದೇವರಾಯಿಗಳ ಪಟ್ಟಿ ಮಾಡತೊಡಗಿದರು. ಮರಾಠಿಯಲ್ಲಿ ರಾಯಿ ಎಂದರೆ ತೋಪು. ದಕ್ಷಿಣ ಕೊಂಕಣದಲ್ಲಿ ಇದೇ ದೇವರಹಾಟಿ. 1975ರಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ಅವರ ಲೇಖನ ಬಂತು. 1981ರ ಪಟ್ಟಿಯಲ್ಲಿ ಮಹಾರಾಷ್ಟ್ರದ ಇನ್ನೂರಕ್ಕೂ ಹೆಚ್ಚು ದೇವರಾಯಿಗಳಿದ್ದವು.

ಬೋಳು ಗುಡ್ಡಗಳ ನಡುವೆ ಅವರಿಗೆ ಸಿಕ್ಕದ್ದು ಒಂದೆರಡು ಎಕರೆಯ ಕತ್ತಲೆ. ಸುತ್ತ ಎಲ್ಲಿಯೂ ಕಾಣದ ಬಳ್ಳಿಗಳು ಅಲ್ಲಿದ್ದವು. ಆಗಿನ ಕೊಲಾಬಾ, ಈಗಿನ ರಾಯಗಡ ಜಿಲ್ಲೆಯ ಒಂದು ದೇವರಾಯಿಯಲ್ಲಿ ಅವರು ಒಂಟಿ ಗಾರಂಬಿ ಬಳ್ಳಿಯನ್ನು ಕಂಡರು. ಹಾವು ಕಚ್ಚಿದ ದನಕ್ಕೆ ಅದರ ತೊಗಟೆ ಮದ್ದು ಎಂಬ ನಂಬಿಕೆಯಿಂದ ದೂರದೂರುಗಳವರು ಅಲ್ಲಿಗೆ ಬರುತ್ತಿದ್ದರು. ಬಂದವರು ದೇವರ ಅಪ್ಪಣೆ ಪಡೆದು ತೊಗಟೆಯ ಒಂದು ಚೂರು ಒಯ್ಯುತ್ತಿದ್ದರು. ಮದ್ದು ನಾಟುತ್ತಿತ್ತೋ ಇಲ್ಲವೋ, ಆ ಪದ್ಧತಿಯಲ್ಲಿ ಒಂದು ಲೆಕ್ಕವಿದೆ. ಅಷ್ಟು ದೂರದಿಂದ ಜನ ಬರಬೇಕಾಗಿತ್ತು ಎಂದರೆ ಅಷ್ಟು ದೂರದವರೆಗೆ ಆ ಬಳ್ಳಿ ಬೇರೆಲ್ಲೂ ಉಳಿದಿರಲಿಲ್ಲ. ಕೇಳಿಯೇ ತೆಗೆಯಬೇಕು, ಚೂರೇ ತೆಗೆಯಬೇಕು ಎಂಬ ನಿಯಮವಿದ್ದುದರಿಂದ ಅದೊಂದು ಉಳಿದಿತ್ತು.

ಕೊಂಕಣದ ಶ್ರೀವರ್ಧನ ತಾಲ್ಲೂಕಿನ ಗಾಣಿ ಎಂಬ ಊರಿನವರು ಈ ಕೆಲಸದ ಸುದ್ದಿ ತಿಳಿದು ತಾವಾಗಿ ಸಂಪರ್ಕಿಸಿದರು. ಅವರ ದೇವರಾಯಿಯ ಮರಗಳಿಗೆ ಕಡಿಯುವ ಗುರುತು ಬಿದ್ದಿತ್ತು. ಊರವರು ಮುಂದಿಟ್ಟ ವಾದದಲ್ಲಿ ದೇವಿಯ ಕೋಪಕ್ಕಿಂತ ಹಳ್ಳದ ಮಾತು ಮುಂದಿತ್ತು: ಕಾಡು ಹೋದರೆ ಅದರ ಬುಡದಿಂದ ಹರಿಯುವ ನೀರು ನಿಲ್ಲುತ್ತದೆ. ಗಿಬ್ಸನ್ ದಾಪೂರಿಯಿಂದ ಸರ್ಕಾರಕ್ಕೆ ಬರೆದಿದ್ದ ಮಾತೇ ಇದು. ಈ ಸಲ ಅದನ್ನು ಇಲಾಖೆಗೆ ಹೇಳಬೇಕಾದವರು ಹಳ್ಳಿಯವರು. ಆ ಕಾಡು ಉಳಿಯಿತು.

ಎಲ್ಲವೂ ಉಳಿಯಲಿಲ್ಲ. ಪುಣೆಗೆ ನೀರು, ಮುಂಬಯಿಗೆ ವಿದ್ಯುತ್ತು ಕೊಡಲು ಮುಳಶಿ, ಪಾನಶೇತ್ ಕಣಿವೆಗಳಲ್ಲಿ ಅಣೆಕಟ್ಟುಗಳೆದ್ದವು. ಮುಳಶಿಯ ರೈತರು 1921ರಲ್ಲಿ ಸೇನಾಪತಿ ಬಾಪಟರ ಮುಂದಾಳತ್ವದಲ್ಲಿ ಸತ್ಯಾಗ್ರಹ ಹೂಡಿ ಸೋತರು. ಅಣೆಕಟ್ಟಿನ ಜೊತೆಗೆ ರಸ್ತೆ ಬಂತು, ರಸ್ತೆಯ ಮೇಲೆ ಇದ್ದಿಲಿನ ಲಾರಿ ಬಂತು. ಇದ್ದಿಲಿಗೆ ನೆಟ್ಟಗಿನ ದಿಮ್ಮಿ ಬೇಕಿಲ್ಲ. ದಿಮ್ಮಿಯ ಕಾಲದಲ್ಲಿ ಬೇಡವಾಗಿ ಉಳಿದ ಸೊಟ್ಟ ಮರಗಳೂ ಆಗ ಮಾಲಾದವು.

ಗಾಡ್ಗೀಳ್ 1973ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು. ಪುಣೆಯಲ್ಲಿ ಕಲಿತ ಈ ನೋಟ ಅವರ ಜೊತೆ ಉತ್ತರ ಕನ್ನಡಕ್ಕೂ ಬಂತು. ಅಲ್ಲಿನ ಕಾನುಗಳನ್ನು ಎಂ. ಡಿ. ಸುಭಾಷ್ ಚಂದ್ರನ್ ಅವರೊಡನೆ ಅಧ್ಯಯನ ಮಾಡಿದರು. ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನಲ್ಲಿ ಕಾಡುಜಾಯಿಕಾಯಿಯ ಜೌಗುಗಳಿವೆ. ಕೆಸರಿನಿಂದ ಮಂಡಿಯಂತೆ ಬಾಗಿ ಮೇಲೆದ್ದ ಬೇರುಗಳು, ನೆರಳಲ್ಲಿ ಅಡಿಕೆಯ ತಮ್ಮನಂತೆ ಕಾಣುವ ಸಣ್ಣ ತಾಳೆಗಳ ಹಿಂಡು, ಮರಗಳ ಮೇಲೆ ಬೆತ್ತ. 2000ದಲ್ಲಿ ಈ ಜೌಗಿನಿಂದ ಗೇರಿನ ಸಂಬಂಧಿಯಾದ ಒಂದು ಹೊಸ ಮರವನ್ನು ವಿಜ್ಞಾನಕ್ಕೆ ಪರಿಚಯಿಸಿದಾಗ ಇಟ್ಟ ಹೆಸರು ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್. ಅದಕ್ಕೆ ಮೂವತ್ತು ವರ್ಷ ಮೊದಲು, 1970ರಲ್ಲಿ, ಘಟ್ಟದ ಒಂದು ಬೆತ್ತಕ್ಕೆ ಕ್ಯಾಲಮಸ್ ನಾಗಬೆತ್ತೈ ಎಂದು ನಾಮಕರಣವಾಗಿತ್ತು. ಕತ್ತಲೆ, ಕಾನು, ನಾಗಬೆತ್ತ ಎಂಬ ಕನ್ನಡ ಪದಗಳು ಲ್ಯಾಟಿನ್ನಿನೊಳಗೆ ಹಾಗೇ ಕೂತಿವೆ. ಆ ಪದಗಳು ಅಲ್ಲಿಗೆ ಹೋಗಲು ಮೊದಲು ಆ ಗಿಡಗಳು ಇಲ್ಲಿ ಉಳಿದಿರಬೇಕಿತ್ತು.

ಈಗ ಅಪಾಯ ಬರುವ ದಾರಿ ಬದಲಾಗಿದೆ. ಕೊಡಗಿನ ದೇವರಕಾಡುಗಳ ವಿಸ್ತೀರ್ಣ 1905ರಲ್ಲಿ ಆರು ಸಾವಿರ ಹೆಕ್ಟೇರ್ ದಾಟಿತ್ತು. 1985ರ ಹೊತ್ತಿಗೆ ಅದು ಸುಮಾರು ಎರಡೂವರೆ ಸಾವಿರಕ್ಕೆ ಇಳಿಯಿತು. ಉಳಿದದ್ದಕ್ಕೆ ಒದಗಿದ ಹೊಸ ಕಂಟಕ ಭಕ್ತಿಯೇ. ಪುಣೆಯ ಮಾವಳ, ವೆಲ್ಹೆಗಳಿಂದ ಕೊಡಗಿನವರೆಗೆ, ನಗರ ಸೇರಿ ದುಡ್ಡು ಮಾಡಿದ ಊರ ಮಕ್ಕಳು ದೇವರಿಗೆ ಏನಾದರೂ ಮಾಡಬೇಕೆಂದು ಮರಳುತ್ತಾರೆ. ಬಯಲಲ್ಲಿದ್ದ ಕಲ್ಲಿಗೆ ಕಾಂಕ್ರೀಟಿನ ಗುಡಿ, ಗುಡಿಗೆ ಅಂಗಳ, ಅಂಗಳಕ್ಕೆ ವಾಹನ ನಿಲ್ಲಿಸುವ ಜಾಗ. ಜೀರ್ಣೋದ್ಧಾರದ ಮೊದಲ ಹೆಜ್ಜೆ ಸ್ವಚ್ಛತೆ. ಸ್ವಚ್ಛತೆಯಲ್ಲಿ ಮೊದಲು ಹೋಗುವುದು ಬಳ್ಳಿ. ದೊಡ್ಡ ಮರಗಳನ್ನು ಭಕ್ತರು ಉಳಿಸುತ್ತಾರೆ, ಬುಡಕ್ಕೆ ಕಟ್ಟೆಯನ್ನೂ ಕಟ್ಟಿಸುತ್ತಾರೆ. ನೋಡಿದವರಿಗೆ ಕಾಡು ಇದ್ದ ಹಾಗೇ ಕಾಣುತ್ತದೆ. ಆದರೆ ನೆತ್ತಿಗಳ ಹೆಣಿಗೆ ಹರಿದಿರುತ್ತದೆ, ನೆಲಕ್ಕೆ ಬಿಸಿಲು ಬಿದ್ದಿರುತ್ತದೆ, ಬೀಜ ಬಿದ್ದಲ್ಲಿ ಸಿಮೆಂಟು ಇರುತ್ತದೆ. ಈಗಿರುವ ಮರಗಳು ಬಿದ್ದ ದಿನ ಆ ಕಾಡು ಮುಗಿಯುತ್ತದೆ.

ಬೇರೆ ದಾರಿಯೂ ಇದೆ. ಮಾವಳ ತಾಲ್ಲೂಕಿನ ಅಜಿವಲಿಯ ದೇವರಾಯಿ ಬೈನೆ ಮರಗಳಿಗೆ ಹೆಸರಾದುದು. ಊರಿನವರು ಅವುಗಳಿಂದ ರಸ ಇಳಿಸುತ್ತಾರೆ. ಕಾಡು ಅಲ್ಲಿ ಮುಟ್ಟಬಾರದ ವಸ್ತುವಲ್ಲ, ಕೇಳಿ ಮುಟ್ಟುವ ವಸ್ತು. ಸೊರಬದ ಕಾನಿನ ಹಳೆಯ ವಿವೇಕವೂ ಅದೇ ಆಗಿತ್ತು.

2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ರಾಜಸ್ಥಾನದ ದೇವವನಗಳನ್ನು ಸಮೀಕ್ಷೆ ಮಾಡಿ, ಗುರುತಿಸಿ, ಅಧಿಸೂಚನೆ ಹೊರಡಿಸಲು ಆದೇಶಿಸಿತು. ದೇಶಕ್ಕೆಲ್ಲ ಅನ್ವಯಿಸುವ ನೀತಿಯೊಂದು ಬೇಕೆಂದು ಕೇಂದ್ರಕ್ಕೆ ಸೂಚಿಸಿತು. ಅದು ಘಟ್ಟಕ್ಕೂ ತಲುಪಿದರೆ ಪುಣೆಯ ಸುತ್ತಲ ದೇವರಾಯಿಗೂ ಕೊಡಗಿನ ದೇವರಕಾಡಿಗೂ ಅಳತೆಯ ಟೇಪು ಹಿಡಿದವರು ಬರುತ್ತಾರೆ. ಅವರ ನಮೂನೆಯಲ್ಲಿ ವಿಸ್ತೀರ್ಣಕ್ಕೆ ಒಂದು ಕಾಲಂ ಇರುತ್ತದೆ, ಮರಗಳ ಸಂಖ್ಯೆ ಮತ್ತು ಸುತ್ತಳತೆಗೆ ಒಂದೊಂದು ಕಾಲಂ ಇರುತ್ತದೆ. ಬಳ್ಳಿಗೂ ಒಂದು ಕಾಲಂ ಬೇಕು. ಕಾಡಿನ ವಯಸ್ಸು ಹೇಳಬಲ್ಲ ಸಾಕ್ಷಿ ಅದು. ದಪ್ಪ ಬಳ್ಳಿ ಇರುವ ಕಡೆ ಬಹುಕಾಲದಿಂದ ಯಾರೂ ಕತ್ತಿ ಎತ್ತಿಲ್ಲ ಎಂದು ಅರ್ಥ. ಸಸಿ ನೆಟ್ಟು ಹತ್ತು ವರ್ಷಕ್ಕೆ ಮರ ತೋರಿಸಬಹುದು. ಸೊಂಟದಷ್ಟು ದಪ್ಪದ ಗಣಪೆ ಬಳ್ಳಿಯನ್ನು ಯಾವ ಯೋಜನೆಯೂ ಹತ್ತು ವರ್ಷಕ್ಕೆ ತೋರಿಸಲಾರದು.